ಬೆನ್ನುನೋವಿಗೆ ಯಾವ ಹಾಸಿಗೆ? ಅಂಗಡಿಗೆ ಹೋಗುವ ಮೊದಲು ಮಂಚದ ಹಲಗೆ ನೋಡಿ

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಪ್ರೌಢಶಾಲೆ ಶಿಕ್ಷಕಿ. ಎಂಟು ತಿಂಗಳಿಂದ ಸೊಂಟದ ಹತ್ತಿರ ಬೆನ್ನುನೋವು. ಬೆಳಗ್ಗೆ ಏಳುವಾಗ ಬೆನ್ನು ಹಿಡಿದುಕೊಂಡಿರುತ್ತದೆ, ಇಪ್ಪತ್ತು ನಿಮಿಷ ಓಡಾಡಿದ ಮೇಲೆ ಸಡಿಲವಾಗುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮೂ ಇಲ್ಲ. ಎಂಆರ್‌ಐ ವರದಿಯಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಸ್ವಲ್ಪ ಉಬ್ಬಿದೆ, ಸವೆತವಿದೆ’ ಎಂದು ಬಂದಿದೆ. ವೈದ್ಯರು ಮಾತ್ರೆ, ಬೆಲ್ಟ್ ಕೊಟ್ಟು ಗಟ್ಟಿ ಹಾಸಿಗೆಯ ಮೇಲೆ ಮಲಗಲು ಹೇಳಿದರು. ಅತ್ತೆಯವರು ‘ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗು, ಎಂಟು ದಿನದಲ್ಲಿ ಹೋಗುತ್ತೆ’ ಅನ್ನುತ್ತಾರೆ. ಅಂಗಡಿಯಲ್ಲಿ 32,000 ರೂಪಾಯಿಯ ‘ಆರ್ಥೋಪೆಡಿಕ್ ಮೆಮೊರಿ ಫೋಮ್’ ತೋರಿಸಿದರು. ಈಗ ಇರುವುದು ಏಳು ವರ್ಷ ಹಳೆಯ, 5 ಇಂಚು ದಪ್ಪದ ತೆಂಗಿನ ನಾರಿನ ಹಾಸಿಗೆ, ಅಳತೆ 78x72 ಇಂಚು. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚ. ಯಜಮಾನರ ತೂಕ 86 ಕಿಲೋ, ನನ್ನದು 54. ದಸರಾ ರಜೆಯಲ್ಲಿ ತವರಿನಲ್ಲಿ ಹತ್ತಿ ಹಾಸಿಗೆಯ ಮೇಲೆ ಮಲಗಿದಾಗ ನೋವು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಯಾವುದನ್ನು ಕೊಳ್ಳಲಿ? ಹಳೆಯದನ್ನು ಅತ್ತೆಯವರ ಕೋಣೆಗೆ ಹಾಕಬಹುದೇ?

ಉತ್ತರ: 32,000 ರೂಪಾಯಿ ಕೊಡುವ ಮೊದಲು ಅದರಿಂದ ನೋವು ಹೋಗುತ್ತದೆಯೇ ಎಂಬುದು ನಿಮ್ಮ ಆತಂಕ. ಒಬ್ಬೊಬ್ಬರು ಒಂದೊಂದು ಹೇಳುತ್ತಿರುವಾಗ ಅದು ಸಹಜ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಸಂಗತಿ: ಬೆಳಗಿನ ನೋವು ಇಪ್ಪತ್ತು ನಿಮಿಷದಲ್ಲಿ ಸಡಿಲವಾಗುವುದು ಮತ್ತು ಬೇರೆ ಕಡೆ ಮಲಗಿದಾಗ ಕಡಿಮೆಯಾದದ್ದು. ಇವೆರಡೂ ಕೂಡಿದಾಗ ಮಲಗುವ ಜಾಗದ ಮೇಲೆ ಅನುಮಾನ ಪಡುವುದು ನ್ಯಾಯವೇ. ಆದರೆ ‘ಮಲಗುವ ಜಾಗ’ ಎಂದರೆ ಹಾಸಿಗೆಯೊಂದೇ ಅಲ್ಲ. ಅದರ ಕೆಳಗಿನ ಹಲಗೆ, ದಿಂಬು, ಮಲಗುವ ಭಂಗಿ, ಪಕ್ಕದಲ್ಲಿ ಮಲಗುವವರ ತೂಕ ಎಲ್ಲವೂ ಸೇರುತ್ತವೆ. ತವರಿನಲ್ಲಿ ಇದ್ದಾಗ ರಜೆಯೂ ಇತ್ತು ಎಂಬುದನ್ನು ಮರೆಯಬಾರದು. ದಿನಕ್ಕೆ ಐದಾರು ಪೀರಿಯಡ್ ನಿಂತು ಪಾಠ ಮಾಡುವುದು, ಬೆಳಗಿನ ಧಾವಂತ ಎರಡೂ ಆಗ ಇರಲಿಲ್ಲ. ಹಾಗಾಗಿ ಹಾಸಿಗೆಗೇ ಪೂರ್ತಿ ಅಂಕ ಕೊಡಲು ಇನ್ನೂ ಆಗುವುದಿಲ್ಲ. ಮನೆಯಲ್ಲೇ, ಕೆಲಸದ ದಿನಗಳಲ್ಲೇ ಪರೀಕ್ಷಿಸಿ ನೋಡಬೇಕು. ಹೇಗೆಂದು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು, ಹಾಸಿಗೆಯ ವಿಚಾರವನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿಗೆ ಹೋಗಲೇಬೇಕಾದ ಲಕ್ಷಣಗಳು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟಿಕೊಳ್ಳುವುದು, ಗುಪ್ತಾಂಗದ ಸುತ್ತ ಅಥವಾ ತೊಡೆಯ ಒಳಭಾಗದಲ್ಲಿ ಮರಗಟ್ಟುವುದು, ಪಾದ ಎತ್ತಲಾಗದೆ ಎಳೆಯುವುದು: ಇವುಗಳಲ್ಲಿ ಯಾವುದೇ ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದು ಪೆಟ್ಟು ಮಾಡಿಕೊಂಡವರು ಕೂಡ ಕಾಯಬಾರದು. ಇನ್ನೊಂದು ಗುಂಪು ಇದೆ. ನಲವತ್ತರೊಳಗೆ ನಿಧಾನವಾಗಿ ಶುರುವಾದ ನೋವು, ಬೆಳಗಿನ ಜಾವ ಮೂರು-ನಾಲ್ಕಕ್ಕೆ ಎಚ್ಚರಿಸುವುದು, ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬಿಗಿತ, ವಿಶ್ರಾಂತಿಯಿಂದ ಕಡಿಮೆಯಾಗದೆ ಓಡಾಡಿದರೆ ಕಡಿಮೆಯಾಗುವುದು. ಇದು ಉರಿಯೂತದ ಸಂಧಿವಾತ ಇರಬಹುದು, ಎಷ್ಟು ಬೆಲೆಯ ಹಾಸಿಗೆ ತಂದರೂ ಇದಕ್ಕೆ ಉಪಯೋಗವಿಲ್ಲ. ನೀವು ಬರೆದಿರುವ ಮಟ್ಟಿಗೆ ನಿಮ್ಮದು ಈ ಯಾವ ಗುಂಪಿಗೂ ಸೇರುವಂತೆ ಕಾಣುವುದಿಲ್ಲ. ಬಿಗಿತ ದಿನದಿಂದ ದಿನಕ್ಕೆ ಉದ್ದವಾದರೆ ಮಾತ್ರ ಮತ್ತೆ ತೋರಿಸಿ.

ಎಂಆರ್‌ಐ ವರದಿಯ ಆ ಸಾಲಿಗೆ ಹೆದರಬೇಡಿ. ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ; ಎಲ್‌4–ಎಲ್‌5 ಎಂದರೆ ಸೊಂಟದ ಭಾಗದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನದು. ಯಾವ ನೋವೂ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ನಲವತ್ತರ ವಯಸ್ಸಿನವರಲ್ಲಿ ಶೇಕಡಾ 68ರಷ್ಟು ಮಂದಿಗೆ ಡಿಸ್ಕ್ ಸವೆತ, ಶೇಕಡಾ 50ರಷ್ಟು ಮಂದಿಗೆ ಡಿಸ್ಕ್ ಉಬ್ಬು ಇರುತ್ತದೆ. ಕೂದಲು ನರೆತಷ್ಟೇ ಸಹಜ. ನೋವು ಕಾಲಿಗೆ ಇಳಿಯದೆ, ಜೋಮು ಇಲ್ಲದಿರುವಾಗ ಆ ಉಬ್ಬೇ ನಿಮ್ಮ ನೋವಿನ ಮೂಲ ಎಂದು ತೀರ್ಮಾನಿಸಲು ಆಧಾರವಿಲ್ಲ.

ಗಟ್ಟಿ ಹಾಸಿಗೆ ಎಂಬ ಸಲಹೆ

ಇದು ಬಹಳ ಹಳೆಯ ಸಲಹೆ. ಹಗ್ಗದ ಮಂಚ, ಜೋತುಬಿದ್ದ ಕಬ್ಬಿಣದ ಪಟ್ಟಿಯ ಮಂಚಗಳ ಮೇಲೆ ಜೋಲಿಯಲ್ಲಿ ಮಲಗಿದಂತೆ ಮಲಗುತ್ತಿದ್ದವರಿಗೆ ಹಲಗೆಯ ಮೇಲೆ ಮಲಗಿ ಎಂದು ಹೇಳಿದ್ದು ಆ ಕಾಲಕ್ಕೆ ಸರಿಯೇ ಇತ್ತು. ಆಮೇಲೆ ಅದು ‘ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು’ ಎಂದು ಬೆಳೆದುಬಿಟ್ಟಿತು. ಇದನ್ನು ಸ್ಪೇನ್ ದೇಶದಲ್ಲಿ ಸರಿಯಾಗಿ ಪರೀಕ್ಷಿಸಿದ್ದಾರೆ. 2003ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ, ಉಳಿದವರಿಗೆ ಮಧ್ಯಮ ಗಡಸಿನ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. ಹಾಸಿಗೆಯಲ್ಲಿ ಮಲಗಿದ್ದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡ್ಡಿ ಮೂರರಲ್ಲೂ ಮಧ್ಯಮ ಗಡಸಿನವರೇ ಹೆಚ್ಚು ಸುಧಾರಿಸಿದರು. ಗಮನಿಸಿ, ಗಟ್ಟಿ ಹಾಸಿಗೆಯವರಲ್ಲೂ ಸುಧಾರಿಸಿದವರು ಇದ್ದರು. ಹಳೆಯದು ಹೋಗಿ ಸಮತಟ್ಟಾದ ಹೊಸದು ಬಂದದ್ದೇ ಒಂದಷ್ಟು ಉಪಕಾರ ಮಾಡುತ್ತದೆ.

ಮಧ್ಯಮ ಗಡಸು ಏಕೆ ಹೊಂದುತ್ತದೆ? ಮಗ್ಗುಲಾಗಿ ಮಲಗಿದ ಹೆಂಗಸಿನ ದೇಹವನ್ನು ಹಿಂದಿನಿಂದ ನೋಡಿ. ಭುಜ ಮತ್ತು ಸೊಂಟದ ಮೂಳೆ ಹೊರಚಾಚಿರುತ್ತವೆ, ನಡು ಒಳಗೆ ಹೋಗಿರುತ್ತದೆ. ಬೆನ್ನುಮೂಳೆ ನೇರವಾಗಿ ಇರಬೇಕಾದರೆ ಭುಜ, ಸೊಂಟ ಸ್ವಲ್ಪ ಹೂತು, ನಡುವಿಗೆ ಕೆಳಗಿನಿಂದ ಆಸರೆ ಸಿಗಬೇಕು. ಬರೀ ನೆಲದ ಮೇಲೆ ಅಥವಾ ಹಲಗೆಯಂಥ ಹಾಸಿಗೆಯ ಮೇಲೆ ಸೊಂಟ ಹೂಳುವುದಿಲ್ಲ, ನಡು ಗಾಳಿಯಲ್ಲಿ ತೂಗುತ್ತದೆ. ಅದನ್ನು ಹಿಡಿದಿಡಲು ಸ್ನಾಯುಗಳು ರಾತ್ರಿಯೆಲ್ಲ ಬಿಗಿಯಾಗಿರುತ್ತವೆ, ಸೊಂಟದ ಮೂಳೆ ಒತ್ತಿ ಪದೇಪದೇ ಮಗ್ಗುಲು ಬದಲಾಯಿಸುವಂತಾಗುತ್ತದೆ. ತಗ್ಗು ಬಿದ್ದ ಹಾಸಿಗೆಯಲ್ಲಿ ಇದರ ತದ್ವಿರುದ್ಧ. ದೇಹದಲ್ಲಿ ಅತಿ ಭಾರದ ಭಾಗವಾದ ಸೊಂಟ ತಗ್ಗಿಗೆ ಇಳಿದು ಬೆನ್ನು ಬಿಲ್ಲಾಗುತ್ತದೆ. ಆರೇಳು ಗಂಟೆ ಹಾಗೇ ಇದ್ದರೆ ಬೆಳಗ್ಗೆ ಹಿಡಿದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಅತ್ತೆಯವರ ಸಲಹೆ ಕೆಲವರಿಗೆ ನಿಜಕ್ಕೂ ಒಗ್ಗುತ್ತದೆ, ಅದರಲ್ಲೂ ಅಂಗಾತ ಮಲಗುವ, ಬಾಲ್ಯದಿಂದ ನೆಲದ ರೂಢಿ ಇರುವ ತೆಳ್ಳಗಿನವರಿಗೆ. ತಗ್ಗಿನಿಂದ ಸಮತಟ್ಟಿಗೆ ಬಂದರಲ್ಲ, ಗುಣ ಅದರದ್ದು. ಆದರೆ ಬೆನ್ನು ಹಿಡಿದಿರುವಾಗ ನೆಲದಿಂದ ಏಳುವುದೇ ದೊಡ್ಡ ತೊಂದರೆ. ಚಾಪೆಯೊಂದೇ ಬೇಡ. ನೆಲದ ಮೇಲೆಯೇ ಮಲಗಬೇಕೆಂದಿದ್ದರೆ ಎರಡು-ಮೂರು ಇಂಚಿನ ಹತ್ತಿ ಹಾಸಿಗೆಯಾದರೂ ಇರಲಿ.

ಮನೆಯಲ್ಲಿ ಮಾಡಬೇಕಾದ ಪರೀಕ್ಷೆ

ಒಂದು ದಾರ, ಒಂದು ಸ್ಕೇಲು ಸಾಕು. ಹೊದಿಕೆಗಳನ್ನೆಲ್ಲ ತೆಗೆದು, ಹಾಸಿಗೆಯ ಉದ್ದದ ಅರ್ಧಕ್ಕೆ, ಅಂದರೆ ನಿಮ್ಮ ಸೊಂಟ ಬರುವ ಜಾಗಕ್ಕೆ, ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರಕ್ಕೂ ಹಾಸಿಗೆಗೂ ನಡುವಿನ ಸಂದನ್ನು ನೀವು ಮಲಗುವ ಕಡೆ, ಯಜಮಾನರು ಮಲಗುವ ಕಡೆ, ಮಧ್ಯದಲ್ಲಿ ಅಳೆಯಿರಿ. ಒಂದು ಇಂಚು ದಾಟಿದ್ದರೆ ಹಾಸಿಗೆ ಅಥವಾ ಅದರ ಕೆಳಗಿನ ಹಲಗೆ ಕುಸಿದಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಹಾಸಿಗೆಯನ್ನು ಎತ್ತಿ ನೆಲದ ಮೇಲೆ ಹಾಕಿ ಮತ್ತೆ ಅಳೆಯಿರಿ. ನೆಲದ ಮೇಲೆ ಸಮತಟ್ಟಾದರೆ ತಪ್ಪು ಮಂಚದ್ದು.

ಬಾಕ್ಸ್ ಮಂಚಗಳಲ್ಲಿ ಇದು ತುಂಬಾ ಸಾಮಾನ್ಯ, ಆದರೆ ಯಾರೂ ನೋಡುವುದಿಲ್ಲ. ಸಾಮಾನು ತೆಗೆಯಲು ಹಲಗೆಯನ್ನು ಎತ್ತುವಂತಿರಬೇಕಲ್ಲ, ಭಾರವಾಗಬಾರದೆಂದು 6 ಮಿಲಿಮೀಟರ್ ಪ್ಲೈವುಡ್ ಹಾಕಿರುತ್ತಾರೆ, ಮಧ್ಯದಲ್ಲಿ ಅಡ್ಡಪಟ್ಟಿಯೂ ಇರುವುದಿಲ್ಲ. ಎರಡು-ಮೂರು ವರ್ಷದಲ್ಲಿ ಅದು ಬಾಗುತ್ತದೆ. ಮೊಣಕಾಲೂರಿ ಒತ್ತಿ ನೋಡಿ, ಹಲಗೆ ಕಣ್ಣಿಗೆ ಕಾಣುವಷ್ಟು ಇಳಿದರೆ ಬದಲಾಯಿಸಬೇಕು. 12ರಿಂದ 18 ಮಿಲಿಮೀಟರ್ ಪ್ಲೈ, ಮಂಚದ ನಡುವೆ ನೆಲಕ್ಕೆ ಊರುವ ಕಾಲಿರುವ ಒಂದು ಅಡ್ಡಮರ. ಬಡಗಿಗೆ ಅರ್ಧ ದಿನದ ಕೆಲಸ. ಹಲಗೆಯಲ್ಲಿ ಅಲ್ಲಲ್ಲಿ ಒಂದು ಇಂಚಿನ ತೂತು ಕೊರೆಸಿ, ಗಾಳಿಯಾಡುತ್ತದೆ. ಕರಾವಳಿ, ಮಲೆನಾಡಿನ ಓದುಗರು ಇದನ್ನು ಖಂಡಿತ ಮಾಡಿಸಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವಿನ ಸಂದು ಮೂರು ಇಂಚಿಗಿಂತ ಹೆಚ್ಚಿರಬಾರದು.

ದಾರದ ಪರೀಕ್ಷೆಯಲ್ಲಿ ಒಂದು ಕೊರತೆಯಿದೆ. ಒಳಗಿನ ಫೋಮ್ ಸತ್ತಿದ್ದರೆ ಬರಿದಾಗಿದ್ದಾಗ ಹಾಸಿಗೆ ಸಮತಟ್ಟಾಗೇ ಕಾಣುತ್ತದೆ, ಮಲಗಿದಾಗ ಮಾತ್ರ ಕುಸಿಯುತ್ತದೆ. ಅದಕ್ಕೇ ಎರಡನೆಯ ಪರೀಕ್ಷೆ. ಹಾಸಿಗೆಯನ್ನು ನೆಲಕ್ಕೆ ಹಾಕಿ ಏಳು ರಾತ್ರಿ ಮಲಗಿ, ಶಾಲೆ ಇರುವ ವಾರದಲ್ಲೇ. ದಿನಾ ಬೆಳಗ್ಗೆ ಎದ್ದಾಗಿನ ನೋವಿಗೆ ಹತ್ತಕ್ಕೆ ಎಷ್ಟು, ಸಡಿಲವಾಗಲು ಎಷ್ಟು ನಿಮಿಷ ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಮುಂದಿನ ಏಳು ರಾತ್ರಿ ಬೇರೆ ಹಾಸಿಗೆಯ ಮೇಲೆ, ಬೇರೆ ಕೋಣೆಯಲ್ಲೋ ದಿವಾನದ ಮೇಲೋ ಮಲಗಿ ಅದೇ ರೀತಿ ಬರೆಯಿರಿ. ಮೊದಲ ವಾರದಲ್ಲೇ ಕಡಿಮೆಯಾದರೆ ಮಂಚದ ಹಲಗೆ ಬದಲಾಯಿಸಿದರೆ ಸಾಕು. ಎರಡನೆಯ ವಾರದಲ್ಲಿ ಮಾತ್ರ ಕಡಿಮೆಯಾದರೆ ಹಾಸಿಗೆ ಬದಲಾಯಿಸುವ ಹೊತ್ತು ಬಂದಿದೆ. ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ದುಡ್ಡನ್ನು ಹಾಸಿಗೆಗೆ ಹಾಕಬೇಡಿ.

ಹಾಸಿಗೆಯನ್ನು ತಲೆಕಡೆಯಿಂದ ಕಾಲಕಡೆಗೆ ತಿರುಗಿಸಿ ಹಾಕಿ ಎಂದು ಯಾರಾದರೂ ಹೇಳಬಹುದು. ನಿಮ್ಮ ವಿಷಯದಲ್ಲಿ ಅದು ನಷ್ಟವೇ. 78 ಇಂಚು ಉದ್ದದ ಹಾಸಿಗೆಯಲ್ಲಿ ಸೊಂಟ ಬರುವುದು ಹೆಚ್ಚು ಕಡಿಮೆ ಸರಿಮಧ್ಯಕ್ಕೆ. ತಿರುಗಿಸಿದರೂ ತಗ್ಗು ಮಧ್ಯದಲ್ಲೇ ಉಳಿಯುತ್ತದೆ. ಮೇಲಾಗಿ ಯಜಮಾನರ 86 ಕಿಲೋ ತೂಕಕ್ಕೆ ಬಿದ್ದ ತಗ್ಗು ನಿಮ್ಮ ಪಾಲಿಗೆ ಬರುತ್ತದೆ. ಎರಡೂ ಮುಖ ಒಂದೇ ರೀತಿ ಇರುವ ನಾರಿನ ಹಾಸಿಗೆಯಾದರೆ ಅಡಿ ಮೇಲು ಮಗುಚಿ ಹಾಕಿ ಕೆಲವು ತಿಂಗಳು ದೂಡಬಹುದು, ಅಷ್ಟೇ. ತಗ್ಗಿನ ಮೇಲೆ ಎರಡಿಂಚಿನ ಟಾಪರ್ (ಹಾಸಿಗೆಯ ಮೇಲೆ ಹಾಸುವ ತೆಳು ಮೆತ್ತೆ) ಹಾಕುವುದೂ ವ್ಯರ್ಥ, ಅದೂ ತಗ್ಗಿನ ಆಕಾರಕ್ಕೇ ಬಾಗುತ್ತದೆ. ಟಾಪರ್ ಉಪಯೋಗಕ್ಕೆ ಬರುವುದು ಸಮತಟ್ಟಾಗಿರುವ, ಆದರೆ ಅತಿಯಾಗಿ ಗಟ್ಟಿಯಾದ ಹಾಸಿಗೆಗೆ.

ಕೊಳ್ಳುವುದೇ ಆದರೆ

ಮೊದಲನೆಯದಾಗಿ, ‘ಆರ್ಥೋಪೆಡಿಕ್’ ಎಂಬ ಪದಕ್ಕೆ ಬೆಲೆ ಕೊಡಬೇಡಿ. ಒಂದು ಹಾಸಿಗೆಗೆ ಆ ಹೆಸರು ಹಚ್ಚಬೇಕಾದರೆ ಯಾವ ವೈದ್ಯಕೀಯ ಪರೀಕ್ಷೆಯನ್ನೂ ದಾಟಬೇಕಾಗಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಅದರ ಅರ್ಥ ‘ಗಟ್ಟಿ’ ಎಂದಷ್ಟೇ.

ಎರಡನೆಯದು, ಗಡಸು ಬೇರೆ, ಡೆನ್ಸಿಟಿ ಬೇರೆ. ಗಡಸು ಎಂದರೆ ಮಲಗಿದಾಗ ಎಷ್ಟು ಹೂಳುತ್ತದೆ ಎಂಬುದು. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್‌ನ ತೂಕ, ಕಿಲೋಗಳಲ್ಲಿ; ಅದು ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ಸೂಚನೆ. ಮೆತ್ತಗಿನ ಫೋಮ್ ಕೂಡ ಹೆಚ್ಚು ಡೆನ್ಸಿಟಿಯದ್ದಾಗಿರಬಹುದು, ಗಟ್ಟಿ ಫೋಮ್ ಕಡಿಮೆಯದ್ದಾಗಿರಬಹುದು. ಸಾದಾ ಪಿಯು (ಪಾಲಿಯುರೆಥೇನ್) ಫೋಮ್ ದಿನಾ ಮಲಗಲು ಕನಿಷ್ಠ 32 ಇರಲಿ. ಎಚ್‌ಆರ್ ಎಂಬ ಹೆಚ್ಚು ಪುಟಿಯುವ ಫೋಮ್ 40ರ ಸುಮಾರು, ಮೆಮೊರಿ ಫೋಮ್ 50 ಅಥವಾ ಮೇಲೆ. 28ಕ್ಕಿಂತ ಕಡಿಮೆಯದ್ದು ಅತಿಥಿಗಳ ಕೋಣೆಗೆ ಸರಿ, ನಿಮಗೆ ಬೇಡ.

ಇಲ್ಲೊಂದು ಮೋಸವಿದೆ. ‘ಸಾರ್, ಇದು 100 ಡೆನ್ಸಿಟಿ’ ಎಂದು ತೋರಿಸುವುದು ಬಹುತೇಕ ರಿಬಾಂಡೆಡ್ ಫೋಮ್, ಅಂದರೆ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಕತ್ತರಿಸಿದ ಅಂಚು ನೋಡಿದರೆ ಬಣ್ಣಬಣ್ಣದ ಚೂರು ಕಾಣುತ್ತದೆ. ಅದರ 100ನ್ನು ಎಚ್‌ಆರ್ ಫೋಮ್‌ನ 40ರ ಜೊತೆ ಹೋಲಿಸಲೇಬಾರದು. ಅಡಿಯ ಪದರವಾಗಿ ಎರಡು-ಮೂರು ಇಂಚು ಇದ್ದರೆ ತೊಂದರೆಯಿಲ್ಲ, ಇಡೀ ಹಾಸಿಗೆ ಅದರದ್ದೇ ಆದರೆ ನೆಲದ ಮೇಲೆ ಮಲಗಿದ ಹಾಗೆ. ನಿಮಗೆ ಗಟ್ಟಿ ಎಂದು ಮಾರುವುದು ಇದನ್ನೇ ಇರಬಹುದು, ಕೇಳಿ. ಪಕ್ಕದ ಜಿಪ್ ತೆರೆದು ಪದರಗಳನ್ನು ತೋರಿಸಲು ಹೇಳಿ. ಜಿಪ್ ಇಲ್ಲದ ಹಾಸಿಗೆಯಾದರೆ ಯಾವ ಪದರ ಎಷ್ಟು ಇಂಚು, ಎಷ್ಟು ಡೆನ್ಸಿಟಿ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಹೇಳಿದ ಡೆನ್ಸಿಟಿ ನಿಜವೇ ಎಂದು ತಕ್ಕಡಿ ಹೇಳುತ್ತದೆ. 78x36 ಇಂಚಿನ, 6 ಇಂಚು ದಪ್ಪದ ಸಿಂಗಲ್ ಹಾಸಿಗೆಯ ಗಾತ್ರ 0.276 ಘನ ಮೀಟರ್. ಪೂರ್ತಿ 40 ಡೆನ್ಸಿಟಿಯ ಫೋಮ್ ಆದರೆ ಸುಮಾರು 11 ಕಿಲೋ ತೂಗಬೇಕು, 28 ಆದರೆ 8 ಕಿಲೋ ಒಳಗೆ. ಹೊರಬಟ್ಟೆಗೆ ಒಂದೆರಡು ಕಿಲೋ ಬಿಡಿ. ಪೂರ್ತಿ ಲೇಟೆಕ್ಸ್ (ರಬ್ಬರ್ ಹಾಲಿನಿಂದ ಮಾಡುವ ಫೋಮ್) ಎಂದು ಹೇಳಿ 12 ಕಿಲೋ ತೂಗಿದರೆ ಅದು ಪೂರ್ತಿ ಲೇಟೆಕ್ಸ್ ಅಲ್ಲ. ನಿಜವಾದ ಪೂರ್ತಿ ಲೇಟೆಕ್ಸ್ 20 ಕಿಲೋ ಆಸುಪಾಸು ಇರುತ್ತದೆ.

ಇನ್ನು ವಸ್ತುಗಳು. ರಬ್ಬರ್ ಹಾಕಿ ಹೆಣೆದ ತೆಂಗಿನ ನಾರು ಗಾಳಿಯಾಡುತ್ತದೆ, ಬಯಲುಸೀಮೆಯ ಸೆಕೆಗೆ ಚೆನ್ನ, ಬೆಲೆಯೂ ಕೈಗೆಟಕುತ್ತದೆ. ಆದರೆ ಒಮ್ಮೆ ಕುಸಿದ ನಾರು ಮತ್ತೆ ಮೇಲೇಳುವುದಿಲ್ಲ. ಐದಾರು ವರ್ಷ ಅದರ ಆಯಸ್ಸು, ನಿಮ್ಮದು ಮುಗಿದಿದೆ ಅಂತಲೇ ಅನಿಸುತ್ತದೆ. ಬರೀ ನಾರು ಮಗ್ಗುಲಾಗಿ ಮಲಗುವವರಿಗೆ ಒತ್ತುತ್ತದೆ. ಮೇಲೆ ಒಂದೂವರೆ-ಎರಡು ಇಂಚು ಲೇಟೆಕ್ಸ್ ಅಥವಾ ಎಚ್‌ಆರ್ ಫೋಮ್ ಇರುವುದನ್ನು ಆರಿಸಿ.

ಮೆಮೊರಿ ಫೋಮ್ ದೇಹದ ಶಾಖಕ್ಕೆ ಮೆತ್ತಗಾಗಿ ಆಕಾರಕ್ಕೆ ತಕ್ಕಂತೆ ಇಳಿಯುತ್ತದೆ. ಮೂಳೆ ಒತ್ತುವ ಕಡೆ ಹಿತ. ಆದರೆ ಕೋಣೆಯ ಬಿಸಿಗೂ ಅದು ಮೆತ್ತಗಾಗುತ್ತದೆ. ಎ.ಸಿ. ಹಾಕಿದ ಶೋರೂಮಿನಲ್ಲಿ ‘ಮಧ್ಯಮ’ ಅನಿಸಿದ ಹಾಸಿಗೆ ದಾವಣಗೆರೆಯ ಏಪ್ರಿಲ್ ರಾತ್ರಿಯಲ್ಲಿ ಸೊಂಟವನ್ನು ಪೂರ್ತಿ ನುಂಗಬಹುದು, ಬೆವರೂ ಹೆಚ್ಚು, ಮಗ್ಗುಲು ಬದಲಾಯಿಸಲು ಶ್ರಮ. ಬೆನ್ನು ನೋಯುವವರಿಗೆ ರಾತ್ರಿ ಸಲೀಸಾಗಿ ಹೊರಳಲು ಆಗುವುದು ಬಹಳ ಮುಖ್ಯ. ಎ.ಸಿ. ಇಲ್ಲದ ಮನೆಯಲ್ಲಿ ಮೆಮೊರಿ ಫೋಮ್ ಮೇಲ್ಪದರ ಒಂದೂವರೆ ಇಂಚಿಗಿಂತ ಹೆಚ್ಚು ಬೇಡ. ನಿಮಗೆ ತೋರಿಸಿದ ಹಾಸಿಗೆಯಲ್ಲಿ ಅದು ಎಷ್ಟು ಇಂಚು ಎಂದು ಕೇಳದೆ ಮುಂದುವರಿಯಬೇಡಿ.

ಲೇಟೆಕ್ಸ್ ಪುಟಿಯುತ್ತದೆ, ಹೊರಳಲು ಸುಲಭ, ಹತ್ತು ವರ್ಷದ ಹತ್ತಿರ ಬಾಳುತ್ತದೆ. ಬೆಲೆ ಮತ್ತು ಭಾರ ಅದರ ಕಷ್ಟ. ಲೇಟೆಕ್ಸ್ ಅಲರ್ಜಿ ಇರುವವರು ದೂರವಿರಬೇಕು. ಸ್ಪ್ರಿಂಗ್ ಹಾಸಿಗೆಯಲ್ಲಿ ಒಂದಕ್ಕೊಂದು ಕಟ್ಟಿದ ಬಾನೆಲ್ ಸ್ಪ್ರಿಂಗ್ ನಿಮ್ಮಂಥ ಜೋಡಿಗೆ ಬೇಡ, ಒಬ್ಬರು ಅಲುಗಾಡಿದರೆ ಇನ್ನೊಬ್ಬರಿಗೆ ಎಚ್ಚರ. ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿರುವ ಪಾಕೆಟ್ ಸ್ಪ್ರಿಂಗ್ ಪರವಾಗಿಲ್ಲ.

ಹತ್ತಿ ಹಾಸಿಗೆಯನ್ನು ತಳ್ಳಿಹಾಕಬೇಡಿ. ಚೆನ್ನಾಗಿ ಹಿಂಜಿದ ಹತ್ತಿ ತುಂಬಿ, ಒತ್ತೊತ್ತಾಗಿ ಟಾಕು ಹಾಕಿದ ಮೂರು-ನಾಲ್ಕು ಇಂಚಿನ ಹಾಸಿಗೆ ತಾನಾಗಿಯೇ ಮಧ್ಯಮ ಗಡಸಿನದು, ತವರಿನಲ್ಲಿ ನಿಮಗೆ ಹಿತವಾದದ್ದು ಅದಕ್ಕೇ ಇರಬಹುದು. ಸಮಸ್ಯೆ ಬರುವುದು ನಿಗಾ ತಪ್ಪಿದಾಗ. ವರ್ಷ ಎರಡು ವರ್ಷಕ್ಕೆ ಹತ್ತಿ ಗಂಟುಗಟ್ಟುತ್ತದೆ, ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಬೇಕು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಬೇಕು. ಈ ಕೆಲಸ ಮಾಡುವವರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಇದಕ್ಕಿಂತ ಅಗ್ಗದ ಒಳ್ಳೆಯ ದಾರಿ ಇಲ್ಲ. ಬೂರುಗದ ಹತ್ತಿ ಬೇಡ, ಅದರ ಎಳೆ ಬೇಗ ಪುಡಿಯಾಗುತ್ತದೆ, ದಿಂಬಿಗೆ ಸಾಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಹತ್ತಿ ಹಾಸಿಗೆಯ ದೂಳು ತೊಂದರೆ ಕೊಡಬಹುದು.

ನಿಮ್ಮಿಬ್ಬರ ತೂಕದಲ್ಲಿ 32 ಕಿಲೋ ವ್ಯತ್ಯಾಸವಿದೆ. ಒಂದೇ ಹಾಸಿಗೆಯಲ್ಲಿ ಅದು ಅವರ ಕಡೆಗೆ ಇಳಿಜಾರಾಗುತ್ತದೆ, ನೀವು ನಿದ್ದೆಯಲ್ಲೂ ಜಾರದಂತೆ ಬೆನ್ನು ಬಿಗಿಹಿಡಿದು ಮಲಗಿರುತ್ತೀರಿ. ಅವರಿಗೆ ಮಧ್ಯಮ ಅನಿಸುವುದು ನಿಮಗೆ ಗಟ್ಟಿ. ಆದ್ದರಿಂದ ನನ್ನ ಸಲಹೆ, 78x72ರ ಒಂದೇ ಹಾಸಿಗೆ ಬೇಡವೇ ಬೇಡ. ಅದೇ ಮಂಚದ ಮೇಲೆ 78x36ರ ಎರಡು ಸಿಂಗಲ್ ಹಾಸಿಗೆ ಜೋಡಿಸಿ, ದಪ್ಪ ಒಂದೇ ಇರಲಿ, ಮೇಲೆ ಒಂದೇ ದೊಡ್ಡ ಬೆಡ್‌ಶೀಟ್ ಹಾಸಿ. ನಿಮ್ಮದಕ್ಕೆ ನಾಲ್ಕು ಇಂಚು ಎಚ್‌ಆರ್ ಫೋಮ್ ಅಥವಾ ನಾರು, ಮೇಲೆ ಎರಡು ಇಂಚು ಲೇಟೆಕ್ಸ್. ಅವರದಕ್ಕೆ ಅಡಿಗೆ ಇನ್ನೂ ಗಟ್ಟಿ ಪದರ. ನಡುವೆ ಸಂದು ಬೀಳುತ್ತದೆ ಎಂಬುದೊಂದೇ ಕೊರತೆ. ಎರಡೂ ಮಂಚದ ಚೌಕಟ್ಟಿನೊಳಗೆ ಬಿಗಿಯಾಗಿ ಕೂತರೆ ಅದೂ ಕಡಿಮೆ. ಅವರಿಗೆ ಬೆನ್ನುನೋವಿಲ್ಲದಿದ್ದರೆ ಈಗ ನಿಮ್ಮದೊಂದಕ್ಕೆ ಒಳ್ಳೆಯದನ್ನು ಕೊಂಡು, ಅವರದಕ್ಕೆ ಸಾದಾ ನಾರಿನದನ್ನೇ ತಂದರೂ ನಡೆಯುತ್ತದೆ. ನಿಮ್ಮ 32,000ದೊಳಗೇ ಎರಡೂ ಬರಬೇಕು.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಮನೆಯ ದಿಂಬನ್ನೇ ಒಯ್ಯಿರಿ, ಚಪ್ಪಲಿ ಬಿಚ್ಚಿ ಹದಿನೈದು ನಿಮಿಷ ಮಲಗಿ, ನಿಮ್ಮ ರೂಢಿಯ ಮಗ್ಗುಲಲ್ಲೇ. ಸಂಕೋಚ ಬೇಡ, ಎಂಟು ವರ್ಷ ಮಲಗುವ ವಸ್ತು ಅದು. ಹಿಂದಿನಿಂದ ಒಂದು ಫೋಟೊ ತೆಗೆಯಲು ಯಜಮಾನರಿಗೆ ಹೇಳಿ. ಕತ್ತಿನಿಂದ ಸೊಂಟದವರೆಗೆ ಬೆನ್ನುಮೂಳೆಯ ಗೆರೆ ನೇರವಾಗಿರಬೇಕು. ಸೊಂಟದ ಹತ್ತಿರ ಕೆಳಗೆ ಜೋತಿದ್ದರೆ ಅದು ಮೆತ್ತಗಾಯಿತು, ಭುಜ ಎತ್ತಿ ಒತ್ತುತ್ತಿದ್ದರೆ ಗಟ್ಟಿಯಾಯಿತು. ಅಂಗಾತ ಮಲಗಿ ನಡುವಿನ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆಚೆ ಈಚೆ ಆಡಿದರೆ ಗಟ್ಟಿ, ತೂರಿಸಲೇ ಆಗದಿದ್ದರೆ ಮೆತ್ತಗೆ, ಸ್ವಲ್ಪ ಬಿಗಿಯಾಗಿ ಹೋದರೆ ಸರಿ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ‘100 ರಾತ್ರಿ ಪ್ರಯೋಗ’ದ ಷರತ್ತು ಪೂರ್ತಿ ಓದಿ. ಹೇಳಿ ಮಾಡಿಸಿದ ಅಳತೆಯನ್ನು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ, ಕಲೆ ಬಿದ್ದರೂ ಇಲ್ಲ. ಹಾಗಾಗಿ ಮೊದಲ ದಿನದಿಂದಲೇ ನೀರು ಇಳಿಯದ ಹೊದಿಕೆ ಹಾಕಿ. ವಾರಂಟಿ ಹತ್ತು ವರ್ಷವೆಂದರೂ ಅದು ಇಷ್ಟು ಇಂಚು ಕುಸಿತ ದಾಟಿದರೆ ಮಾತ್ರ ಎಂದು ಬರೆದಿರುತ್ತದೆ, ಆ ಅಂಕಿ ನೋಡಿ. ಮಂಚದ ಹಲಗೆ ಬಾಗಿದ್ದರೆ ವಾರಂಟಿ ಇಲ್ಲ ಎಂಬ ಷರತ್ತೂ ಇರುತ್ತದೆ. ಹೊಸ ಹಾಸಿಗೆಗೆ ದೇಹ ಒಗ್ಗಲು ಎರಡು-ಮೂರು ವಾರ ಬೇಕು. ಮೂರು ವಾರ ಕಳೆದೂ ಬೆಳಗಿನ ನೋವು ಮೊದಲಿಗಿಂತ ಹೆಚ್ಚಿದ್ದರೆ ವಾಪಸು ಮಾಡಿ.

ಹಾಸಿಗೆಯಿಂದ ಎದ್ದ ಮೇಲಿನ ಒಂದು ಗಂಟೆ

ಖರ್ಚಿಲ್ಲದ, ಆದರೆ ಹಾಸಿಗೆಯಷ್ಟೇ ಮುಖ್ಯವಾದ ಸಂಗತಿ ಇದು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ, ಬೆಳಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರುತ್ತೇವೆ. ಆ ಬಿಗಿದ ಡಿಸ್ಕ್ ಮೇಲೆ ಬಗ್ಗಿದರೆ ಬೀಳುವ ಒತ್ತಡ ಹಗಲಿಗಿಂತ ಬಹಳ ಹೆಚ್ಚು. ಬೆಳಗ್ಗೆ ಬಗ್ಗುವುದನ್ನು ತಡೆದರೆ ಬಹುಕಾಲದ ಸೊಂಟನೋವು ಕಡಿಮೆಯಾಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮ ಮನೆಗಳಲ್ಲಿ ಹೆಂಗಸರು ಎದ್ದ ಕೂಡಲೇ ಮಾಡುವುದೇನು? ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಸೊಂಟ ಬಗ್ಗಿಸಿ ರಂಗೋಲಿ, ಆಮೇಲೆ ನೀರು ತುಂಬಿದ ಬಕೆಟ್. ಇವನ್ನೆಲ್ಲ ಒಂದು ಗಂಟೆ ಮುಂದೂಡಿ, ಇಲ್ಲವೇ ಮನೆಯ ಇನ್ನೊಬ್ಬರಿಗೆ ಒಪ್ಪಿಸಿ. ರಂಗೋಲಿಯನ್ನು ಚಿಕ್ಕ ಮಣೆಯ ಮೇಲೆ ಕೂತು ಹಾಕಿ, ಉದ್ದ ಹಿಡಿಕೆಯ ಪೊರಕೆ ತನ್ನಿ, ಬಕೆಟ್ ಅರ್ಧ ಮಾತ್ರ ತುಂಬಿಸಿ. ಏಳುವಾಗ ನೇರವಾಗಿ ಎದ್ದು ಕೂರದೆ ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಕೈಯೂರಿ ಮೇಲೇಳಿ.

ಮಲಗುವಾಗ ಮಗ್ಗುಲಾದರೆ ಮೊಣಕಾಲುಗಳ ನಡುವೆ ಒಂದು ದಿಂಬು, ಅಂಗಾತವಾದರೆ ಮೊಣಕಾಲುಗಳ ಕೆಳಗೆ. ಬೋರಲು ಮಲಗುವುದು ಬಿಡಲಾಗದಿದ್ದರೆ ಹೊಟ್ಟೆಯ ಕೆಳಗೆ ತೆಳ್ಳಗಿನ ದಿಂಬು ಇಡಿ. ಇದನ್ನು ಇಂದು ರಾತ್ರಿಯೇ ಶುರು ಮಾಡಬಹುದು.

ಬೆಲ್ಟ್ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಬೆಲ್ಟ್ ಮತ್ತು ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬಾರದು ಎಂದಿದೆ, ವ್ಯಾಯಾಮವನ್ನು ಶಿಫಾರಸು ಮಾಡಿದೆ. ನಿಮ್ಮ ವೈದ್ಯರನ್ನು ಕೇಳಿ ಬೆಲ್ಟ್ ಹಂತಹಂತವಾಗಿ ಬಿಡಿ, ದಿನಾ ಅರ್ಧ ಗಂಟೆ ನಡಿಗೆ ಶುರು ಮಾಡಿ, ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿ ಬೆನ್ನು, ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಕಲಿಯಿರಿ. ಹಾಸಿಗೆ ಸರಿಯಾದರೆ ಬೆಳಗಿನ ಬಿಗಿತ ಕಡಿಮೆಯಾಗಬಹುದು, ಹಗಲಿನ ನೋವಿಗೆ ಈ ಸ್ನಾಯುಗಳೇ ಗತಿ.

ಹಳೆಯ ಹಾಸಿಗೆ ಅತ್ತೆಯವರಿಗೆ ಬೇಡ. ದಾರದ ಪರೀಕ್ಷೆಯಲ್ಲಿ ತಗ್ಗು ಕಂಡಿದ್ದರೆ ಅದು ಅವರ ಬೆನ್ನಿಗೂ ತಗ್ಗೇ. ವಯಸ್ಸಾದವರಿಗೆ ತಗ್ಗಿನಿಂದ ಮೇಲೇಳುವುದು ಇನ್ನೂ ಕಷ್ಟ, ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವ ಅಪಾಯವೂ ಇದೆ. ಅವರ ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗಬಾರದು. ಹಾಸಿಗೆಯೂ ಸೇರಿ ನೆಲದಿಂದ 18 ಇಂಚಿನ ಸುಮಾರು ಎತ್ತರ ಸಾಮಾನ್ಯವಾಗಿ ಹೊಂದುತ್ತದೆ. ಅಂಚು ಕುಸಿಯದ ನಾಲ್ಕು ಇಂಚಿನ ಹೊಸ ನಾರಿನ ಸಿಂಗಲ್ ಹಾಸಿಗೆ, ಮೇಲೆ ತೆಳುವಾದ ಹತ್ತಿ ಹಾಸು ಇದ್ದರೆ ಸಾಕು. ಅವರು ನೆಲದಲ್ಲೇ ಮಲಗುವ ರೂಢಿಯವರಾಗಿದ್ದು ಏಳಲು ತೊಂದರೆಯಿಲ್ಲದಿದ್ದರೆ ಬಲವಂತ ಮಾಡಬೇಡಿ, ಚಾಪೆಯ ಮೇಲೆ ಮೂರಿಂಚಿನ ಹತ್ತಿ ಹಾಸಿಗೆ ಹಾಕಿಕೊಡಿ, ಹಿಡಿದು ಏಳಲು ಪಕ್ಕದಲ್ಲಿ ಒಂದು ಭದ್ರವಾದ ಕುರ್ಚಿ ಇಡಿ.